ಕಂಬಳಿಗೊಬ್ಬ ವಿಮರ್ಶಕ ಬೇಡವೆ?

ನಮ್ಮ ಸಾಹಿತ್ಯದಲ್ಲಿ ಕಂಬಳಿಗೆ ಸ್ಥಾನವಿಲ್ಲವೆಂದು ಯಾರೂ ಹೇಳಲಾರರು. ಕನಕದಾಸರ ಚಿತ್ರವೆಂದರೆ ಹೆಗಲ ಮೇಲೆ ಕಂಬಳಿ ಇರಲೇಬೇಕು. ಮೈಲಾರನ ಗೊರವಯ್ಯ ಕಂಬಳಿಯಿಲ್ಲದೆ ಗೊರವಯ್ಯನಲ್ಲ. ಮಲೆನಾಡಿನ ಕಾದಂಬರಿಯಲ್ಲಿ ಮಳೆ ಬಂತೆಂದರೆ ಕಂಬಳಿಕೊಪ್ಪೆ ಬಂದೇ ಬಂತು. ಆದರೆ ಅಲ್ಲೆಲ್ಲ ಅದು ಬಡತನಕ್ಕೋ ಭಕ್ತಿಗೋ ಗುರುತಾಗಿ ನಿಂತಿದೆಯೇ ಹೊರತು, ಅದನ್ನು ಕೈಯಲ್ಲಿ ಹಿಡಿದು ‘ಇದು ಒಳ್ಳೆಯದು, ಇದು ಕಳಪೆ’ ಎಂದು ಹೇಳಿದವರು ವಿರಳ. ಕಾವ್ಯಕ್ಕೆ ಲಕ್ಷಣಕಾರರಿದ್ದಾರೆ, ಸಂಗೀತಕ್ಕೆ ರಸಿಕರಿದ್ದಾರೆ, ಕಂಬಳಿಗೆ ಯಾರಿದ್ದಾರೆ?

ಈ ಪ್ರಶ್ನೆ ಹುಟ್ಟಿದ್ದು ನನ್ನದೇ ತಪ್ಪಿನಿಂದ. ನ್ಯಾಮತಿಯ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಒಂದು ಕರಿ ಕಂಬಳಿಯಿತ್ತು. ಚುಚ್ಚುತ್ತದೆಂದು ನಾನು ಅದನ್ನು ಒದ್ದು ಸರಿಸುತ್ತಿದ್ದೆ. “ಕಂಬಳಿ ಚುಚ್ಚಲ್ಲ ಕಣಪ್ಪ, ನಿನ್ನ ಮೈಗೆ ರೂಢಿ ಇಲ್ಲ” ಎನ್ನುತ್ತಿದ್ದರು ಅಜ್ಜಿ. ದೊಡ್ಡವನಾದ ಮೇಲೆ ಪೇಟೆಯಿಂದ ಮೆತ್ತನೆಯ ಬಣ್ಣದ ರಗ್ಗು ತಂದೆ. ಮೂರು ಚಳಿಗಾಲಕ್ಕೆ ಅದು ಗಂಟುಗಟ್ಟಿ ಜಾಳಾಯಿತು. ಅಜ್ಜಿ ಹೋದರು, ಅವರ ಕಂಬಳಿ ಇನ್ನೂ ಇದೆ.

ದಖ್ಖನಿ ಕುರಿಯ ಉಣ್ಣೆ ಒರಟು. ಅದು ಮೆರಿನೋ ಅಲ್ಲ. ಮೈಗೊಪ್ಪುವ ಸ್ವೆಟರು ಹೆಣೆಯಲು ಹೇಳಿಮಾಡಿಸಿದ್ದೂ ಅಲ್ಲ. ಆ ಒರಟುತನವನ್ನೇ ಗುಣವಾಗಿಸಿದ್ದು ಕುರುಬರ ಜಾಣ್ಮೆ. ಕುರಿಯ ಮೈ ತೊಳೆದು, ಕತ್ತರಿ ಹಾಕಿ, ಬಣ್ಣಗಳನ್ನು ಬೇರ್ಪಡಿಸಿ ಹಿಂಜಿದ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿ, ಗುಣಿಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಕರಿ ಕಂಬಳಿಯ ಕಪ್ಪು ಬಣ್ಣ ಅದ್ದಿ ಬಂದದ್ದಲ್ಲ, ಕುರಿಯ ಮೈಯದೇ. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ಮೆದು. ನೆನೆದರೂ ಬೆಚ್ಚಗಿಡುವುದು ಉಣ್ಣೆಯ ಹುಟ್ಟುಗುಣ. ಜಗಳೂರಿನ ಬಿರುಬಿಸಿಲಿನಲ್ಲಿ ಮೇಯ್ದ ಕುರಿಯ ಉಣ್ಣೆ ಹೊನ್ನಾಳಿ, ಚನ್ನಗಿರಿಗಳಾಚೆಯ ಮಳೆಯಲ್ಲಿ ರೈತನ ಬೆನ್ನು ಕಾಯುವುದು ಹೀಗೆ. ಈ ಊರುಗಳು ಒಂದೇ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಕಂಬಳಿ ಅದಕ್ಕೆ ಕಾದು ಕುಳಿತಿರಲಿಲ್ಲ.

ಹಾಗಾದರೆ ಅಳತೆಗೋಲು ಯಾವುದು? ಕನಕದಾಸರೇ ಒಂದನ್ನು ಕೊಟ್ಟಿದ್ದಾರೆಂದು ನನ್ನ ಭಾವನೆ. ಅವರ ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹತ್ತಿದಾಗ ರಾಮ ತೀರ್ಪನ್ನು ಬಣ್ಣ ನೋಡಿ ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಬಾಳಿಕೆಯೂ ಒಂದು ಸೌಂದರ್ಯವೆಂಬ ಈ ತತ್ತ್ವವನ್ನು ನಾವು ಧಾನ್ಯಕ್ಕೆ ಒಪ್ಪಿಕೊಂಡೆವು, ಬಟ್ಟೆಗೆ ಒಪ್ಪಿಕೊಳ್ಳಲಿಲ್ಲ.

ಇದರ ಫಲ ಕಣ್ಣೆದುರಿಗಿದೆ. ಪಾಣಿಪತ್ತಿನ ಗಿರಣಿಗಳ ಅಗ್ಗದ ಹೊದಿಕೆಗೂ ಕೈನೂಲಿನ ಕಂಬಳಿಗೂ ಇರುವ ಅಂತರ ಕೊಳ್ಳುವವನಿಗೆ ತಿಳಿಯದಿದ್ದರೆ ಬೆಲೆಯೊಂದೇ ಮಾತನಾಡುತ್ತದೆ. ನೂಲುವವಳ ದಿನಗಳಿಗೆ ಬೆಲೆಯಿಲ್ಲವಾದಾಗ ರಾಟೆ ಅಟ್ಟ ಸೇರುತ್ತದೆ. ಉಣ್ಣೆಗೆ ಗಿರಾಕಿಯಿಲ್ಲದೆ ಕುರಿಗಾರರು ಮಾಂಸದ ತಳಿಗಳತ್ತ ಹೊರಳುತ್ತಾರೆ. ಕತ್ತರಿಸಿದ ಉಣ್ಣೆ ತಿಪ್ಪೆಗೆ ಹೋಗುತ್ತದೆ. ಇತ್ತ ಸಭೆಗಳಲ್ಲಿ ಗಣ್ಯರಿಗೆ ಕಂಬಳಿ ಹೊದಿಸಿ ಚಪ್ಪಾಳೆ ತಟ್ಟುತ್ತೇವೆ. ಆ ಕಂಬಳಿ ಕೈನೂಲಿನದೋ ಗಿರಣಿಯದೋ ಎಂದು ಹೊದ್ದವರೂ ಕೇಳುವುದಿಲ್ಲ, ಹೊದಿಸಿದವರೂ ಕೇಳುವುದಿಲ್ಲ. ವಿಮರ್ಶೆಯಿಲ್ಲದ ಗೌರವ ಹೀಗೆಯೇ ಇರುತ್ತದೆ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ. ಚಳ್ಳಕೆರೆಯ ಕಡೆ ಹೋದಾಗ ಒಂದು ಕಂಬಳಿಯನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಕಿಂಡಿ ಕಾಣುತ್ತದೆಯೆ? ನೂಲಿನ ಹುರಿ ಹದವಾಗಿದೆಯೆ? ಅಂಚು ನೆಟ್ಟಗಿದೆಯೆ? ಚೆನ್ನಾಗಿಲ್ಲದಿದ್ದರೆ ಹಾಗೆಂದು ಹೇಳಿ. ನೇಯ್ದವನು ನಿಮ್ಮ ಕನಿಕರಕ್ಕಿಂತ ಆ ಮಾತನ್ನು ಹೆಚ್ಚು ಬೆಲೆಯುಳ್ಳದ್ದೆಂದು ತಿಳಿದಾನು. ಚೆನ್ನಾಗಿದ್ದರೆ ಚೌಕಾಸಿ ಮಾಡದೆ ಕೊಳ್ಳಿ. ನಾನು ಈ ಪಾಠವನ್ನು ಅಜ್ಜಿ ಇದ್ದಾಗ ಕಲಿಯಲಿಲ್ಲ.