ಹಾಫ್‌ಕಿನ್ ಜೀವನಚರಿತ್ರೆಯಲ್ಲಿ ಕಾಣೆಯಾದ ಪುಟಗಳು

ಮಂಗಳೂರಿನ ವಿದ್ಯಾರ್ಥಿಗಳಿಗೆ ರೋನಾಲ್ಡ್ ರಾಸ್ ಹೆಸರು ಹೊಸದಲ್ಲ. 1990ರ ದಶಕದಿಂದ ಮಲೇರಿಯದ ಕಾಟವನ್ನು ಚೆನ್ನಾಗಿ ಕಂಡ ಊರು ಇದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರಾವಲಂಬಿಯನ್ನು ಗುರುತಿಸಿದವನು ಯಾರು ಎಂದು ಕೇಳಿದರೆ ಹೈಸ್ಕೂಲು ಮಕ್ಕಳೂ ಉತ್ತರ ಹೇಳುತ್ತಾರೆ. ಆದರೆ ಅದೇ ರಾಸ್ 1907ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು ಇನ್ನೊಬ್ಬ ವಿಜ್ಞಾನಿಯ ಪರವಾಗಿ ವಾದಿಸಿದ್ದ ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. ಆ ವಿಜ್ಞಾನಿ ವಾಲ್ಡೆಮಾರ್ ಮೊರ್ಡೆಕಾಯ್ ಹಾಫ್‌ಕಿನ್. ಕಾಲರಾ ಮತ್ತು ಪ್ಲೇಗುಗಳಿಗೆ ಭಾರತದಲ್ಲಿ ಮೊದಲ ಲಸಿಕೆಗಳನ್ನು ಹಾಕಿದವನು. ಈಚಿನ ವರ್ಷಗಳಲ್ಲಿ, ಅದರಲ್ಲೂ ಕೋವಿಡ್ ನಂತರ, ಅವನ ಪರಿಚಯ ಲೇಖನಗಳು ಕನ್ನಡದಲ್ಲೂ ಕಾಣಿಸಿಕೊಂಡಿವೆ. ಇದು ಸಂತೋಷದ ವಿಷಯವೇ. ಆದರೆ ಅವು ಅವನ ಬಾಳನ್ನು ಹೇಳುವ ರೀತಿಯ ಬಗ್ಗೆ ತಕರಾರು ಎತ್ತಬೇಕಾಗಿದೆ.

ವಿಜ್ಞಾನಿಯ ಕಥೆ ಹೇಳಲು ನಮ್ಮಲ್ಲಿ ಒಂದು ಅಚ್ಚು ಸಿದ್ಧವಾಗಿದೆ. ಕಷ್ಟದ ಎಳವೆ, ಗುರುವಿನ ಕಣ್ಣಿಗೆ ಬಿದ್ದ ಪ್ರತಿಭೆ, ಹಗಲಿರುಳಿನ ದುಡಿಮೆ, ಒಂದು ಸಾಹಸದ ಕ್ಷಣ, ಹೊಟ್ಟೆಕಿಚ್ಚಿನವರ ಕಾಟ, ಕೊನೆಗೆ ಸತ್ಯಕ್ಕೆ ಜಯ. ಹಾಫ್‌ಕಿನ್‌ನ ದುರದೃಷ್ಟವೆಂದರೆ ಅವನ ಬಾಳು ಈ ಅಚ್ಚಿಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ. 1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ. ಭಕ್ಷಕ ಕೋಶಗಳ ಸಿದ್ಧಾಂತದಿಂದ ಪ್ರಸಿದ್ಧನಾದ ಮೆಚ್ನಿಕಾಫ್‌ನ ಶಿಷ್ಯನಾದ. ಮತಾಂತರಕ್ಕೆ ಒಪ್ಪದೆ ರಷ್ಯದಲ್ಲಿ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ. 1889ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯನ್ನು ಸೇರಿದ್ದು ಗ್ರಂಥಾಲಯದ ಸಹಾಯಕನಾಗಿ. 1892ರ ಜುಲೈ 18ರಂದು ತನ್ನ ಕಾಲರಾ ಲಸಿಕೆಯನ್ನು ತಾನೇ ಚುಚ್ಚಿಕೊಂಡ. 1897ರ ಜನವರಿ 10ರಂದು ಮುಂಬಯಿಯಲ್ಲಿ ಪ್ಲೇಗು ಲಸಿಕೆಯನ್ನೂ ಹಾಗೆಯೇ ಚುಚ್ಚಿಕೊಂಡ. 1902ರ ಒಂದು ಅವಘಡದ ಹೊಣೆ ಹೊತ್ತು ಹುದ್ದೆ ಕಳೆದುಕೊಂಡ. 1907ರಲ್ಲಿ ನಿರ್ದೋಷಿ ಎನಿಸಿದ. 1925ರಲ್ಲಿ ಮುಂಬಯಿಯ ಪರೇಲ್ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟರು.

ಲೇಖನ ಇಲ್ಲಿಗೆ ಮುಗಿಯುತ್ತದೆ. ಓದಿದವರ ಮನಸ್ಸಿನಲ್ಲಿ ಉಳಿಯುವುದು ಸೂಜಿ ಚುಚ್ಚಿಕೊಂಡ ಧೀರನ ಚಿತ್ರ. ಧೈರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಚುಚ್ಚುಮದ್ದು ಸಾಧಿಸಿದ್ದೇನು? ಜ್ವರ ಬಂತು, ತೋಳು ನೋಯಿತು, ಮನುಷ್ಯ ಸಾಯಲಿಲ್ಲ. ಲಸಿಕೆ ಪ್ರಾಣಾಪಾಯ ಮಾಡಲಿಲ್ಲ ಎಂದು ಒಬ್ಬನ ಮಟ್ಟಿಗೆ ತಿಳಿಯಿತು. ಅದು ಪ್ಲೇಗನ್ನು ತಡೆಯುತ್ತದೆ ಎಂಬುದಕ್ಕೆ ಅದರಿಂದ ಯಾವ ಪುರಾವೆಯೂ ಸಿಗಲಿಲ್ಲ. ಜೀವನಚರಿತ್ರೆಯ ಅತಿ ರೋಚಕ ಪುಟವೇ ವಿಜ್ಞಾನದ ದೃಷ್ಟಿಯಿಂದ ಅತಿ ಬಡವಾದ ಪುಟ.

ಈ ಅಚ್ಚು ಕನ್ನಡದ್ದೇ ಅಲ್ಲ. ಪಾಲ್ ಡಿ ಕ್ರೈಫ್ 1926ರಲ್ಲಿ ಬರೆದ ‘ಮೈಕ್ರೋಬ್ ಹಂಟರ್ಸ್’ ಲೋಕಪ್ರಸಿದ್ಧ. ಅದರಲ್ಲಿ ಮೆಚ್ನಿಕಾಫ್‌ಗೆ ಒಂದು ಅಧ್ಯಾಯವಿದೆ, ಹಾಫ್‌ಕಿನ್‌ಗೆ ಇಲ್ಲ. (ತನ್ನನ್ನು ಚಿತ್ರಿಸಿದ ರೀತಿಗೆ ರಾಸ್ ಸಿಟ್ಟಾದ ಕಾರಣ ಇಂಗ್ಲೆಂಡಿನ ಆವೃತ್ತಿಯಿಂದ ಅವನ ಅಧ್ಯಾಯವನ್ನೇ ತೆಗೆಯಬೇಕಾಯಿತು! ರೋಚಕ ಬರವಣಿಗೆಗೂ ಬೆಲೆ ತೆರಬೇಕಾಗುತ್ತದೆ.) ಹಾಫ್‌ಕಿನ್ ಬಗ್ಗೆ ಪುಸ್ತಕ ಬರೆದವನು ಸ್ಟ್ರೆಪ್ಟೊಮೈಸಿನ್ ಖ್ಯಾತಿಯ ಸೆಲ್ಮನ್ ವಾಕ್ಸ್‌ಮನ್, 1964ರಲ್ಲಿ. ಅದರ ಶೀರ್ಷಿಕೆಯಲ್ಲೇ ‘ಉಜ್ವಲ ಹಾಗೂ ದುರಂತಮಯ ಬಾಳು’ ಎಂಬ ಅರ್ಥದ ಮಾತುಗಳಿವೆ. ಉಜ್ವಲ, ದುರಂತ ಎಂಬ ಆ ಎರಡು ಗುಣವಾಚಕಗಳ ನಡುವೆ ಸಿಕ್ಕಿಬಿದ್ದದ್ದು ಹಾಫ್‌ಕಿನ್‌ನ ಕೆಲಸ.

ಆ ಕೆಲಸವನ್ನು ನೋಡೋಣ. ಪ್ಲೇಗು ಮುಂಬಯಿಗೆ ಬಂದದ್ದು 1896ರಲ್ಲಿ. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ ಮತ್ತು ಮೊಗಸಾಲೆ ಅವನಿಗೆ ಸಿಕ್ಕ ಪ್ರಯೋಗಾಲಯ. ಒಬ್ಬ ಗುಮಾಸ್ತ, ಮೂವರು ಜವಾನರು ಅವನ ಸಿಬ್ಬಂದಿ. ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. ಹೇಗೆ? ಮಾಂಸದ ಸಾರಿನಲ್ಲಿ ಬ್ಯಾಕ್ಟೀರಿಯ ಬೆಳೆಸಬೇಕು. ಇಲ್ಲಿನ ಜನರ ಭಾವನೆಗೆ ಧಕ್ಕೆಯಾಗದಿರಲೆಂದು ದನದ ಮಾಂಸದ ಬದಲು ಆಡಿನ ಮಾಂಸ ಬಳಸಿದ. ಸಾರಿನ ಮೇಲೆ ಕೆಲವು ಹನಿ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ತೇಲಿಬಿಟ್ಟ. ಪ್ಲೇಗಿನ ಬ್ಯಾಕ್ಟೀರಿಯಗಳು ಈ ಜಿಡ್ಡಿನ ಹನಿಗಳಿಗೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಸುಣ್ಣಕಲ್ಲು ಇಳಿಬೀಳುವಂತೆ, ಕೆಳಮುಖವಾಗಿ ಬೆಳೆಯುತ್ತವೆ. ಫ್ಲಾಸ್ಕನ್ನು ಅಲುಗಿಸಿದರೆ ಉದುರಿ ತಳ ಸೇರುತ್ತವೆ. ಮತ್ತೆ ಹೊಸ ಬೆಳೆ. ಸುಮಾರು ಆರು ವಾರ ಹೀಗೆ ಕೊಯ್ಲು ಮುಂದುವರಿಯುತ್ತದೆ. ಬೇರೆ ಬ್ಯಾಕ್ಟೀರಿಯ ಬೆರೆತಿದೆಯೇ ಎಂದು ತಿಳಿಯಲೂ ಈ ಇಳಿಬೀಳುವ ಬೆಳವಣಿಗೆಯೇ ಗುರುತು. ಬಳಿಕ 65–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಬ್ಯಾಕ್ಟೀರಿಯಗಳನ್ನು ಕೊಂದು, ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಬಾಟಲಿಗೆ ತುಂಬುತ್ತಿದ್ದರು.

ಇಷ್ಟು ದೀರ್ಘ ಕೃಷಿಯ ಹಿಂದೆ ಒಂದು ತರ್ಕವಿತ್ತು. ಕಾಲರಾ ಲಸಿಕೆ ರೋಗ ಹತ್ತುವ ಸಾಧ್ಯತೆಯನ್ನು ತಗ್ಗಿಸಿತ್ತು. ಆದರೆ ಲಸಿಕೆಯ ನಂತರವೂ ರೋಗ ಹತ್ತಿದವರಲ್ಲಿ ಸಾವಿನ ಪ್ರಮಾಣ ಇಳಿದಿರಲಿಲ್ಲ. ಆದ್ದರಿಂದ ಪ್ಲೇಗಿನಲ್ಲಿ ಬ್ಯಾಕ್ಟೀರಿಯದ ಒಡಲನ್ನಷ್ಟೇ ಅಲ್ಲ, ಅದು ಸಾರಿಗೆ ಬಿಡುಗಡೆ ಮಾಡಿದ ವಿಷಗಳನ್ನೂ ಕೊಡಬೇಕು ಎಂದು ಅವನು ಯೋಚಿಸಿದ. ತನ್ನದೇ ಹಿಂದಿನ ಲಸಿಕೆಯ ಕೊರತೆಯನ್ನು ಅಂಕಿ ಅಂಶದಿಂದ ಗುರುತಿಸಿ, ಮುಂದಿನ ಲಸಿಕೆಯ ವಿನ್ಯಾಸ ಬದಲಿಸಿದ ಈ ನಡೆ ನನಗೆ ಸೂಜಿಗಿಂತ ದೊಡ್ಡ ಸಾಹಸವಾಗಿ ಕಾಣುತ್ತದೆ. ಪ್ರತಿಕಾಯ, ಪ್ರತಿಜನಕಗಳ ಬಗ್ಗೆ ಇಂದಿನ ತಿಳಿವಳಿಕೆ ಆಗ ಇರಲಿಲ್ಲ. ಪ್ಲೇಗು ಬ್ಯಾಕ್ಟೀರಿಯದ ಹೊರಕವಚದ ಎಫ್1 ಎಂಬ ಪ್ರೋಟೀನು ಮುಖ್ಯ ಪ್ರತಿಜನಕಗಳಲ್ಲೊಂದು ಎಂದು ಗೊತ್ತಾದದ್ದು ಎಷ್ಟೋ ಕಾಲದ ನಂತರ. ಸತ್ತ ಬ್ಯಾಕ್ಟೀರಿಯದ ಲಸಿಕೆಯಿಂದ ಗಡ್ಡೆ ಪ್ಲೇಗಿನ ವಿರುದ್ಧ ಕೆಲವು ತಿಂಗಳ ರಕ್ಷಣೆ ಸಿಗುತ್ತದೆ, ಶ್ವಾಸಕೋಶದ ಪ್ಲೇಗಿನ ವಿರುದ್ಧ ಅದು ದುರ್ಬಲ ಎಂಬುದೂ ಹಾಗೆಯೇ.

ಲಸಿಕೆ ಕೆಲಸ ಮಾಡುತ್ತದೆಂದು ತೋರಿಸಿದ್ದು ಹೇಗೆ? 1897ರ ಜನವರಿ ಕೊನೆಯಲ್ಲಿ ಮುಂಬಯಿಯ ಬೈಕುಲಾ ಜೈಲಿಗೆ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಸುಮಾರು 150 ಮಂದಿ ಲಸಿಕೆಗೆ ಮುಂದೆ ಬಂದರು. ಸುಮಾರು 170 ಮಂದಿ ಹಾಕಿಸಿಕೊಳ್ಳಲಿಲ್ಲ. ಎರಡೂ ಗುಂಪಿಗೆ ಅದೇ ಗೋಡೆ, ಅದೇ ಊಟ, ಅದೇ ಇಲಿಗಳು. ಮುಂದಿನ ದಿನಗಳಲ್ಲಿ ಲಸಿಕೆ ಇಲ್ಲದವರಲ್ಲಿ 12 ಮಂದಿಗೆ ಪ್ಲೇಗು ತಗುಲಿತು, 6 ಮಂದಿ ಸತ್ತರು. ಲಸಿಕೆ ಪಡೆದವರಲ್ಲಿ ಇಬ್ಬರಿಗೆ ತಗುಲಿತು, ಯಾರೂ ಸಾಯಲಿಲ್ಲ. 1894ರಲ್ಲಿ ಕಲ್ಕತ್ತದ ಒಂದು ಬಸ್ತಿಯಲ್ಲಿ ಕಾಲರಾ ಲಸಿಕೆಯ ಬಗ್ಗೆಯೂ ಇಂಥದೇ ಹೋಲಿಕೆ ನಡೆದಿತ್ತು: ಸುಮಾರು 200 ನಿವಾಸಿಗಳಲ್ಲಿ 116 ಮಂದಿ ಲಸಿಕೆ ಪಡೆದರು, ಆಮೇಲೆ ಕಾಲರಾ ಬಂದದ್ದೆಲ್ಲ ಉಳಿದವರಿಗೆ.

ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯಬೇಕಾದದ್ದು ಈ ಅಂಕಿಗಳನ್ನು. ಬರೆದ ಮೇಲೆ ಮೆಚ್ಚಿ ಸುಮ್ಮನಾಗದೆ ಪ್ರಶ್ನಿಸಬೇಕು. ಮುಂದೆ ಬಂದವರು ಮತ್ತು ಬರದವರು ಒಂದೇ ಬಗೆಯ ಜನರೇ? ಗಟ್ಟಿಮುಟ್ಟಾದವರು, ತಿಳಿವಳಿಕೆಯುಳ್ಳವರು ಹೆಚ್ಚಾಗಿ ಮುಂದೆ ಬಂದಿದ್ದರೆ, ಕಾಣುವ ವ್ಯತ್ಯಾಸದಲ್ಲಿ ಲಸಿಕೆಯ ಪಾಲು ಎಷ್ಟು? ಎರಡು ಮತ್ತು ಹನ್ನೆರಡರ ಅಂತರ ಆಕಸ್ಮಿಕವಾಗಿರಬಹುದೇ? ಜೈಲಿನಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಚೀಟಿ ಎತ್ತಿದಂತೆ ಗುಂಪು ಮಾಡುವ ಪದ್ಧತಿ ವೈದ್ಯಕೀಯದಲ್ಲಿ ನೆಲೆಗೊಂಡದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ 1948ರಲ್ಲಿ ಪ್ರಕಟಿಸಿದ ಕ್ಷಯರೋಗದ ಪ್ರಯೋಗದಿಂದ. 55 ರೋಗಿಗಳಿಗೆ ಔಷಧ, 52 ಮಂದಿಗೆ ಹಾಸಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಸತ್ತವರು ಕ್ರಮವಾಗಿ 4 ಮತ್ತು 14. ಆ ಔಷಧ ಸ್ಟ್ರೆಪ್ಟೊಮೈಸಿನ್, ಹಾಫ್‌ಕಿನ್‌ನ ಚರಿತ್ರೆ ಬರೆದ ವಾಕ್ಸ್‌ಮನ್‌ನ ಪ್ರಯೋಗಾಲಯದ್ದೇ! ಪ್ಲೇಗಿಗೂ ಅದು ಮದ್ದಾಯಿತು. ಅದನ್ನು ಕಂಡುಹಿಡಿದ ಕೀರ್ತಿಯಲ್ಲಿ ತನಗೆ ಪಾಲು ಸಿಗಲಿಲ್ಲವೆಂದು ವಾಕ್ಸ್‌ಮನ್‌ನ ಶಿಷ್ಯ ಆಲ್ಬರ್ಟ್ ಶಾಟ್ಜ್ 1950ರಲ್ಲಿ ನ್ಯಾಯಾಲಯಕ್ಕೆ ಹೋಗಿದ್ದ. ರಾಜಿಯಲ್ಲಿ ಶಾಟ್ಜ್‌ನನ್ನು ಸಹಶೋಧಕನೆಂದು ಒಪ್ಪಲಾಯಿತು. ಅನ್ಯಾಯಕ್ಕೊಳಗಾದವನ ಕಥೆಯನ್ನು ಬರೆದವನ ಮೇಲೂ ಅನ್ಯಾಯದ ಆರೋಪವಿತ್ತು. ನಾಯಕ, ಖಳನಾಯಕರ ಅಚ್ಚಿಗೆ ಇಂಥ ಸಂಗತಿ ಸಗ್ಗುವುದಿಲ್ಲ.

ಇನ್ನು ‘ದುರಂತ’ದ ಭಾಗ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಈಗ ಪಾಕಿಸ್ತಾನದಲ್ಲಿದೆ) 107 ಮಂದಿಗೆ ಪ್ಲೇಗು ಲಸಿಕೆ ಹಾಕಿದರು. 53ಎನ್ ಎಂಬ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಪರೇಲ್‌ನಲ್ಲೇ ಬಾಟಲಿ ಕಲುಷಿತವಾಗಿತ್ತು ಎಂದು ವಿಚಾರಣಾ ಆಯೋಗ ಹೇಳಿತು. ಹಾಫ್‌ಕಿನ್ ತಯಾರಿಕೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟಿದ್ದ ಎಂಬುದು ಅವನ ವಿರುದ್ಧ ನಿಂತಿತು.

ಪರಿಚಯ ಲೇಖನಗಳು ಇಲ್ಲಿ ‘ಪಿತೂರಿ’ ಎಂಬ ಪದ ಬಳಸಿ ಮುಂದೆ ಸಾಗುತ್ತವೆ. ಅವನು ವೈದ್ಯನಲ್ಲದ ಪ್ರಾಣಿವಿಜ್ಞಾನಿ, ರಷ್ಯದಿಂದ ಬಂದ ಯಹೂದಿ. ಬ್ರಿಟಿಷ್ ವೈದ್ಯಾಧಿಕಾರಿಗಳಿಗೆ ಅವನ ಮೇಲೆ ಅಸಮಾಧಾನವಿತ್ತು. ಇದೆಲ್ಲ ನಿಜವಿರಬಹುದು. ಆದರೆ ಅವನನ್ನು ಪಾರುಮಾಡಿದ್ದು ಅನುಕಂಪವಲ್ಲ, ಸೂಕ್ಷ್ಮಜೀವಿ ವಿಜ್ಞಾನ. ಧನುರ್ವಾಯುವಿನ ಬೀಜಾಣುಗಳು ಅರ್ಧ ಶೇಕಡಾ ಕಾರ್ಬಾಲಿಕ್ ಆಮ್ಲಕ್ಕೆ ಸಾಯುವಂಥವಲ್ಲ. ಆದ್ದರಿಂದ ಆಮ್ಲ ಇದ್ದಿದ್ದರೂ ರಕ್ಷಣೆ ಸಿಗುತ್ತಿರಲಿಲ್ಲ. ಬಾಟಲಿ ತುಂಬಿ 41 ದಿನಗಳಾಗಿದ್ದವು. ಅಷ್ಟು ಕಾಲ ಆ ಬ್ಯಾಕ್ಟೀರಿಯ ಒಳಗೆ ಬೆಳೆದಿದ್ದರೆ ದುರ್ವಾಸನೆ ಬರಬೇಕಿತ್ತು. ತೆರೆದಾಗ ಯಾರಿಗೂ ಬಂದಿರಲಿಲ್ಲ. ಸಿದ್ಧ ವಿಷವೇ ದೇಹಕ್ಕೆ ಹೋಗಿದ್ದರೆ ಲಕ್ಷಣಗಳು ಬೇಗ ಕಾಣಬೇಕಿತ್ತು; ಕಂಡದ್ದು ಸುಮಾರು ಒಂದು ವಾರದ ನಂತರ, ಅಂದರೆ ಬೀಜಾಣು ದೇಹದೊಳಗೆ ಮೊಳೆತು ವಿಷ ಉತ್ಪಾದಿಸಲು ಬೇಕಾಗುವಷ್ಟು ಕಾಲ. ಜೊತೆಗೆ ಬಾಟಲಿಯ ಬಿರಡೆ ತೆಗೆಯುವ ಚಿಮಟ ಅಂದು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದು ಸಾಕ್ಷ್ಯದಲ್ಲೇ ಇತ್ತು. ರಾಸ್ ಮತ್ತು ಇತರರು 1907ರಲ್ಲಿ ಎತ್ತಿ ತೋರಿಸಿದ್ದು ಇಂಥ ಅಂಶಗಳನ್ನು. ಪಿಯುಸಿ ಜೀವಶಾಸ್ತ್ರ ಓದಿದವರು ಒಂದು ತಾಸಿನಲ್ಲಿ ಬಿಡಿಸಬಹುದಾದ ಸಮಸ್ಯೆ ಇದು. ಲೇಖನಗಳು ಅದನ್ನು ಕಣ್ಣೀರಿನಲ್ಲಿ ತೊಯ್ಯಿಸುತ್ತವೆ. ಆ 19 ಮಂದಿಯೋ, ಎಲ್ಲ ಕಡೆ ಬರೇ ಸಂಖ್ಯೆ. ದುರಂತ ಎಂಬ ಪದ ಮೊದಲು ಸಲ್ಲಬೇಕಾದದ್ದು ಅವರಿಗೆ.

ಮಲ್ಕೋವಾಲ್‌ಗೆ ಇಷ್ಟು ಜಾಗ ಕೊಡುವವರು ಹುಬ್ಬಳ್ಳಿಯನ್ನು ಮರೆಯುವುದು ನನ್ನ ದೊಡ್ಡ ಆಕ್ಷೇಪ. ನಾನು ನೋಡಿದ ಕನ್ನಡದ ಪರಿಚಯಗಳಲ್ಲಿ ಆ ಊರಿನ ಹೆಸರೇ ಇಲ್ಲ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ನಮ್ಮ ಹಿರಿಯರಿಂದ ಕೇಳಿದ್ದೇವೆ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿ ಇದೆ. ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ 1898ರ ಪ್ಲೇಗು ಕಾರಣಗಳಲ್ಲೊಂದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಹೋಮಿಯೋಪತಿ ಔಷಧಾಲಯ, 1890ರ ಕುಷ್ಠರೋಗಿಗಳ ಆಶ್ರಯಧಾಮಗಳ ಜೊತೆಗೆ ಪ್ಲೇಗು ರೋಗಿಗಳ ಆರೈಕೆಯೂ ಮುಂದೆ ಸೇರಿಕೊಂಡಿತು. ಇವೆಲ್ಲ ಊರಿನ ನೆನಪುಗಳಾಗಿ ಉಳಿದಿವೆ. ಆದರೆ ಲಸಿಕೆಯ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲು ಹುಬ್ಬಳ್ಳಿಯಲ್ಲಿದೆ. ರೈಲ್ವೆ ಜಂಕ್ಷನ್ ಆಗಿದ್ದ ಆ ಊರಿನಲ್ಲಿ 1898ರ ಮೇಯಿಂದ ಸೆಪ್ಟೆಂಬರ್ ತನಕ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಉಸ್ತುವಾರಿಯಲ್ಲಿ ಸುಮಾರು 38 ಸಾವಿರ ಜನರಿಗೆ ಲಸಿಕೆ ಹಾಕಲಾಯಿತು. ಒಂದಿಡೀ ಊರು ಲಸಿಕೆ ಪಡೆದ, ಆ ಕಾಲಕ್ಕೆ ತೀರ ಅಪರೂಪದ ಪ್ರಸಂಗ. ಲಸಿಕೆ ಪಡೆದವರಲ್ಲಿ ಎಷ್ಟು ಸಾವು, ಪಡೆಯದವರಲ್ಲಿ ಎಷ್ಟು ಎಂದು ವಾರವಾರವೂ ಲೆಕ್ಕ ಇಟ್ಟರು. ಪಡೆಯದವರ ಸಾವಿನ ಪ್ರಮಾಣ ಬಹಳ ಹೆಚ್ಚಾಗಿತ್ತು. ಹಾಫ್‌ಕಿನ್ ಲಂಡನ್ನಿನಲ್ಲಿ ತನ್ನ ವಾದ ಮಂಡಿಸುವಾಗ ಹುಬ್ಬಳ್ಳಿಯ ಅಂಕಿಗಳನ್ನು ಮುಂದಿಟ್ಟ.

ಈ ಲೆಕ್ಕದಲ್ಲೂ ಒಂದು ಗಂಟಿದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಲಸಿಕೆ ಇಲ್ಲದವರು ಕೆಲವೇ ನೂರು ಮಂದಿ. ಛೇದ ಚಿಕ್ಕದಾದರೆ ಹತ್ತಿಪ್ಪತ್ತು ಸಾವೂ ಭಯಂಕರ ಪ್ರಮಾಣವಾಗಿ ಕಾಣುತ್ತದೆ. ಅಷ್ಟು ದಿನವೂ ಲಸಿಕೆ ತಪ್ಪಿಸಿಕೊಂಡು ಉಳಿದವರು ಯಾರು? ಆಗಲೇ ಕಾಯಿಲೆ ಬಿದ್ದವರೇ, ಹೊಸದಾಗಿ ಊರಿಗೆ ಬಂದವರೇ, ಮನೆಯಿಲ್ಲದವರೇ? ಮೇ ತಿಂಗಳ ವಾರಗಳಲ್ಲಿ, ಎರಡು ಗುಂಪೂ ದೊಡ್ಡದಿದ್ದಾಗ, ಅಂತರ ಎಷ್ಟಿತ್ತು? ಕೊನೆಯ ವಾರಗಳನ್ನು ಬಿಟ್ಟು ಮೊದಲ ವಾರಗಳನ್ನಷ್ಟೇ ಹೋಲಿಸಿದರೂ ಲಸಿಕೆಯ ಪರವಾದ ತೀರ್ಮಾನ ಉಳಿಯುತ್ತದೆಯೇ ಎಂದು ನೋಡುವುದು ಶೇಕಡಾವಾರು ಬಲ್ಲ ಯಾವ ವಿದ್ಯಾರ್ಥಿಗೂ ಸಾಧ್ಯ. ಹುಬ್ಬಳ್ಳಿಯ ಆ ಅಂಕಿಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಶತಮಾನ ದಾಟಿದೆ. ಕನ್ನಡದಲ್ಲಿ ಹಾಫ್‌ಕಿನ್‌ನ ಮುಂದಿನ ಜೀವನಚರಿತ್ರೆ ಬರೆಯುವವರು ಆ ಕೋಷ್ಟಕವನ್ನು ಒಂದು ಪುಟದಲ್ಲಿ ಹಾಗೆಯೇ ಅಚ್ಚುಹಾಕಿದರೆ, ಎದುರು ಪುಟದಲ್ಲಿ ಸೂಜಿಯ ಚಿತ್ರ ಇದ್ದರೂ ನನ್ನ ಅಭ್ಯಂತರವಿಲ್ಲ.