ಚಿತ್ರಕ್ಕೆ ಬೆನ್ನು ಮಾಡಿ ನಿಂತವರು

ಬೆಂಗಳೂರಿನ ಒಂದು ಚಿತ್ರಶಾಲೆ. ಹೆಸರು ಬೇಡ. ಗೋಡೆಯ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಅನ್ನುವ ಬೋರ್ಡು, ಅದರ ಪಕ್ಕದಲ್ಲಿ ಯೂನಿಫಾರಂ ಹಾಕಿಕೊಂಡ ಒಬ್ಬ ಕಾವಲುಗಾರ. ಮಾತಾಡಿಸಿದೆ. ಮಾತು ಊರಿಗೆ ಹೋಯಿತು, ಊರಿನಿಂದ ಕೇರಿಗೆ ಬಂತು. ನಮ್ಮವನೇ. ‘ಅಣ್ಣಾ, ದಿನಾ ಇಷ್ಟೊಂದು ಚಿತ್ರ ನೋಡ್ತೀಯಲ್ಲ, ಯಾವುದು ಇಷ್ಟ?’ ಅಂತ ಕೇಳಿದೆ. ನಕ್ಕ. ‘ಎಲ್ಲಿ ನೋಡೋದು ತಮ್ಮಾ? ಚಿತ್ರಕ್ಕೆ ಬೆನ್ನು ಮಾಡ್ಕೊಂಡು ನಿಂತಿರಬೇಕು. ನಾನು ನೋಡಬೇಕಾಗಿರೋದು ಬಂದೋರ ಕೈನ’ ಅಂದ.

ಯಾರನ್ನು ಮುಟ್ಟಿದರೆ ಮೈಲಿಗೆ ಅಂತ ಈ ದೇಶ ತಲೆತಲಾಂತರದಿಂದ ಹೇಳುತ್ತಾ ಬಂತೋ ಅವನನ್ನೇ ನಿಲ್ಲಿಸಿ ‘ಮುಟ್ಟಬೇಡಿ’ ಅಂತ ಹೇಳಿಸುತ್ತಿದ್ದಾರೆ.

ನಾನು ಅಲ್ಲಿಗೆ ಹೋಗಿದ್ದು ಚಿತ್ರ ನೋಡುವುದಕ್ಕಲ್ಲ, ಸ್ವಯಂಸೇವಕನಾಗುವುದಕ್ಕೆ. ಬಂದವರನ್ನು ಕರೆದುಕೊಂಡು ಹೋಗಿ ಚಿತ್ರಗಳ ಬಗ್ಗೆ ಹೇಳುವ ಕೆಲಸ. ವಾರಕ್ಕೆ ಎರಡು ದಿನ. ಸಂಬಳವಿಲ್ಲ, ಬಸ್ ಚಾರ್ಜೂ ಇಲ್ಲ, ಕೊನೆಗೊಂದು ಸರ್ಟಿಫಿಕೇಟು. ಇಂಗ್ಲಿಷ್ ಸರಾಗವಾಗಿ ಬರಬೇಕು. ನಾನು ಲೆಕ್ಕ ಹಾಕಿದೆ. ವಾರಕ್ಕೆ ಎರಡು ದಿನ ಬಿಟ್ಟಿ ಕೊಟ್ಟರೆ ರೂಮಿನ ಬಾಡಿಗೆ ಯಾರು ಕಟ್ಟಬೇಕು? ಅವ್ವನಿಗೆ ಏನು ಕಳಿಸಬೇಕು? ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಬಿಟ್ಟಿ ಅನ್ನುವ ಮಾತು ನಮಗೆ ಹೊಸದಲ್ಲ. ನಮ್ಮ ತಾತ ಗೌಡರ ಮನೆ ಮುಂದೆ ಸೌದೆ ಸೀಳಿದ್ದು ಬಿಟ್ಟಿ. ಹಬ್ಬದಲ್ಲಿ ತಮಟೆ ಬಡಿದದ್ದು, ಸತ್ತ ದನ ಹೊತ್ತದ್ದು ಬಿಟ್ಟಿ. 1976ರಲ್ಲಿ ಕಾನೂನು ಜೀತವನ್ನು ರದ್ದು ಮಾಡಿತು. ಆದರೆ ಕೂಲಿಯಿಲ್ಲದ ಕೆಲಸಕ್ಕೆ ಈ ದೇಶದಲ್ಲಿ ಎರಡು ಹೆಸರಿವೆ. ಇಲ್ಲದವನು ಮಾಡಿದರೆ ಚಾಕರಿ, ಇದ್ದವನು ಮಾಡಿದರೆ ಸೇವೆ. ಚಾಕರಿ ಮಾಡಿದವನ ಬೆನ್ನು ಬಾಗುತ್ತದೆ, ಸೇವೆ ಮಾಡಿದವನ ಕೊರಳಿಗೆ ಹಾರ ಬೀಳುತ್ತದೆ. ಚಿತ್ರಶಾಲೆಯೊಳಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಸಂಬಳ ಬೇಡದವರು ಮಾತಾಡುತ್ತಾರೆ, ಸಂಬಳಕ್ಕೆ ನಿಂತವರು ಬಾಯಿ ಮುಚ್ಚಿಕೊಂಡಿರಬೇಕು.

ಈ ಸಂಗತಿಯನ್ನೇ ಕಲೆಯ ವಸ್ತು ಮಾಡಿಕೊಂಡ ಒಬ್ಬ ಕರಿಯ ಕಲಾವಿದನಿದ್ದಾನೆ, ನ್ಯೂಯಾರ್ಕಿನ ಫ್ರೆಡ್ ವಿಲ್ಸನ್. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದರು. ಹಾಗಾಗಿ ಅಮೆರಿಕದ ಕರಿಯರ ಕಡೆ ನೋಡುವುದು ನಮಗೆ ಪರದೇಶದ ಮೋಹವಲ್ಲ. ವಿಲ್ಸನ್ ಓದುವ ಕಾಲದಲ್ಲಿ ಕಾಲೇಜಿನ ಸಂಗ್ರಹಾಲಯದಲ್ಲಿ ಕಾವಲುಗಾರನಾಗಿದ್ದವನು. 1991ರಲ್ಲಿ ಅವನು ಮಾಡಿದ ‘ಗಾರ್ಡೆಡ್ ವ್ಯೂ’ ಅನ್ನುವ ಕೃತಿಯಲ್ಲಿ ನಾಲ್ಕು ಗೊಂಬೆಗಳಿವೆ. ಮೈ ಕಪ್ಪು. ನ್ಯೂಯಾರ್ಕಿನ ನಾಲ್ಕು ದೊಡ್ಡ ಸಂಗ್ರಹಾಲಯಗಳ ಕಾವಲುಗಾರರ ಯೂನಿಫಾರಮ್ಮುಗಳನ್ನು ತೊಟ್ಟಿವೆ. ಯಾವುದಕ್ಕೂ ತಲೆ ಇಲ್ಲ. ನಾನು ಇದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಅರ್ಥ ಮಾಡಿಕೊಳ್ಳಲು ನನಗೆ ಯಾವ ಪಂಡಿತರೂ ಬೇಕಾಗಲಿಲ್ಲ.

ಅದೇ ದಿನಗಳಲ್ಲಿ ಅವನು ವ್ಹಿಟ್ನಿ ಸಂಗ್ರಹಾಲಯದಲ್ಲಿ ಇನ್ನೊಂದು ಕೆಲಸ ಮಾಡಿದ. ಅಲ್ಲಿ ವಿವರಣೆ ಕೊಡುವ ಸ್ವಯಂಸೇವಕರನ್ನು ಮೊದಲು ಭೇಟಿಯಾಗಿ ಮಾತಾಡಿದ. ‘ಒಳಗೆ ಇಂಥ ಕಡೆ ಬನ್ನಿ, ಅಲ್ಲಿಂದ ನಿಮ್ಮನ್ನು ಸುತ್ತಿಸುತ್ತೇನೆ’ ಎಂದು ಹೇಳಿ ಹೋಗಿ, ಕಾವಲುಗಾರನ ಬಟ್ಟೆ ತೊಟ್ಟು ಅದೇ ಜಾಗದಲ್ಲಿ ನಿಂತ. ಅವರು ಬಂದರು. ಅವನನ್ನೇ ಹುಡುಕುತ್ತಾ ಅವನ ಮುಂದೆಯೇ ಓಡಾಡಿದರು. ಗುರುತು ಸಿಗಲಿಲ್ಲ. ಚಿತ್ರವನ್ನು ಹೇಗೆ ನೋಡಬೇಕು ಅಂತ ಊರಿಗೆಲ್ಲ ಹೇಳಿಕೊಡುವ ಕಣ್ಣುಗಳಿಗೆ ಎದುರಿಗಿದ್ದ ಮನುಷ್ಯ ಕಾಣಲಿಲ್ಲ!

ವಿಲ್ಸನ್‌ನ ದೊಡ್ಡ ಕೃತಿ ಬಂದದ್ದು 1992ರಲ್ಲಿ, ಬಾಲ್ಟಿಮೋರ್ ನಗರದ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ. ಹೊಸದಾಗಿ ಅವನು ಯಾವುದನ್ನೂ ಬರೆಯಲಿಲ್ಲ, ಕೆತ್ತಲಿಲ್ಲ. ಅವರ ಉಗ್ರಾಣದಲ್ಲಿ ಇದ್ದದ್ದನ್ನೇ ಹೊರಗೆ ತಂದು ಜೋಡಿಸಿದ. ಧಣಿಗಳ ಮನೆಯ ಕೆತ್ತನೆಯ ಬೆಳ್ಳಿ ಹೂಜಿಗಳ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಎರಡಕ್ಕೂ ಸೇರಿಸಿ ಒಂದೇ ಚೀಟಿ: ಲೋಹದ ಕೆಲಸ, 1793–1880. ಇನ್ನೊಂದು ಕಡೆ ಚೆಂದದ ಕುರ್ಚಿಗಳು, ಅವು ಮುಖಮಾಡಿದ ಕಡೆ ಮನುಷ್ಯರನ್ನು ಕಟ್ಟಿ ಚಾಟಿಯಲ್ಲಿ ಹೊಡೆಯುತ್ತಿದ್ದ ಕಂಬ. ಅದರ ಚೀಟಿ ಮರಗೆಲಸದ್ದು. ಒಂದು ಕೂಗಾಟವಿಲ್ಲ, ಘೋಷಣೆಯಿಲ್ಲ. ಬೇಡಿಯನ್ನು ಎಸೆಯದೆ ಕತ್ತಲಲ್ಲಿ ಜೋಪಾನ ಮಾಡಿದ್ದವರು ಯಾರು ಅನ್ನುವ ಪ್ರಶ್ನೆ ತಾನಾಗಿಯೇ ಏಳುತ್ತದೆ. ನಮ್ಮ ಸಂಗ್ರಹಾಲಯಗಳಲ್ಲಿ ಹೊಯ್ಸಳರ ಶಿಲ್ಪದ ಪಕ್ಕದಲ್ಲಿ ಕಲ್ಲು ಒಡೆದವನ ಸುತ್ತಿಗೆ ಇಡುವ ದಿನ ಎಂದು ಬರುತ್ತದೆ?

ಹಾಗಂತ ವಿಲ್ಸನ್‌ನನ್ನು ಪೂಜೆಗೆ ಕೂರಿಸಬೇಕಾಗಿಲ್ಲ. ಆ ನಾಲ್ಕು ತಲೆಯಿಲ್ಲದ ಗೊಂಬೆಗಳು ಈಗ ಅದೇ ವ್ಹಿಟ್ನಿ ಸಂಗ್ರಹಾಲಯದ ಸ್ವತ್ತು. ಅವನ್ನು ಪ್ರದರ್ಶನಕ್ಕಿಟ್ಟಾಗ ಅವಕ್ಕೂ ಒಬ್ಬ ಜೀವಂತ ಕಾವಲುಗಾರ ಕಾವಲು ನಿಲ್ಲಬೇಕು. ತನ್ನನ್ನು ಬೈದ ಕಲೆಯನ್ನೂ ಒಳಗೆ ಕರೆದುಕೊಂಡು ಅರಗಿಸಿಕೊಳ್ಳುವ ಹೊಟ್ಟೆ ಬಂಡವಾಳಶಾಹಿಗಿದೆ. ಸಂಕೇತ ಬದಲಾಯಿತು, ನಿಂತವನ ಕಾಲುನೋವು ಬದಲಾಗಲಿಲ್ಲ. ಬಂಡಾಯದ ಕವಿಗಳಾದ ನಾವೂ ಇದನ್ನು ನೆನಪಿಡಬೇಕು. ನಮ್ಮ ಪದ್ಯಗಳಿಗೂ ಪ್ರಶಸ್ತಿ, ಶಾಲು ಬರುತ್ತಿವೆಯಲ್ಲ!

ಮೂವತ್ತು ವರ್ಷದ ನಂತರ ಅದೇ ಊರಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. 2022ರ ಮಾರ್ಚಿನಿಂದ ಜುಲೈವರೆಗೆ ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿ ‘ಗಾರ್ಡಿಂಗ್ ದಿ ಆರ್ಟ್’ ಅನ್ನುವ ಪ್ರದರ್ಶನ ನಡೆಯಿತು. ಕೃತಿಗಳನ್ನು ಆರಿಸಿದವರು ಅಲ್ಲಿನ 17 ಮಂದಿ ಕಾವಲುಗಾರರು. ಅವರಲ್ಲಿ ಚಿತ್ರಕಾರರಿದ್ದರು, ಹಾಡುವವರಿದ್ದರು, ಬರೆಯುವವರಿದ್ದರು. ಆ ಕೆಲಸಕ್ಕೆ ಅವರಿಗೆ ಹಣ ಕೊಟ್ಟರು, ಬಿಟ್ಟಿ ಮಾಡಿಸಲಿಲ್ಲ. ಅವರು ಆರಿಸಿದ್ದರಲ್ಲಿ ಒಂದು, ಪೆನ್ಸಿಲುಗಳನ್ನು ಜೋಡಿಸಿ ಮಾಡಿದ ಕುರ್ಚಿ. ದಿನವಿಡೀ ನಿಲ್ಲುವವನ ಕಣ್ಣಿಗೆ ಕುರ್ಚಿ ಹೇಗೆ ಕಾಣುತ್ತದೆ ಅನ್ನುವುದನ್ನು ಯಾವ ಸೌಂದರ್ಯಶಾಸ್ತ್ರವೂ ಬರೆದಿಲ್ಲ. ಆ ಪ್ರದರ್ಶನ ಮುಗಿದ ಜುಲೈ ತಿಂಗಳಲ್ಲೇ ಆ ಸಂಗ್ರಹಾಲಯದ ನೌಕರರು ಸಂಘ ಕಟ್ಟಲು ಮತ ಹಾಕಿ ಗೆದ್ದರು. ನನ್ನ ದೃಷ್ಟಿಯಲ್ಲಿ ಇವೆರಡನ್ನೂ ಒಟ್ಟಿಗೆ ಓದಬೇಕು. ಪ್ರದರ್ಶನ ಗೋಡೆಯಿಂದ ಇಳಿಯುತ್ತದೆ, ಸಂಘ ಉಳಿಯುತ್ತದೆ.

ಚಿಕಾಗೋದ ಕತೆ ಬೇರೆ. ಅಲ್ಲಿನ ಆರ್ಟ್ ಇನ್ಸ್‌ಟಿಟ್ಯೂಟ್‌ನಲ್ಲಿ 1961ರಿಂದ ಸ್ವಯಂಸೇವಕರು ವಿವರಣೆ ಕೊಡುತ್ತಿದ್ದರು. ಹೆಚ್ಚಿನವರು ಬಿಳಿಯ ಹೆಂಗಸರು, ಅನುಕೂಲಸ್ಥರು. 2021ರಲ್ಲಿ ಸಂಸ್ಥೆ ಆ ವ್ಯವಸ್ಥೆಯನ್ನೇ ನಿಲ್ಲಿಸಿ, ಸಂಬಳ ಕೊಟ್ಟು ಜನ ನೇಮಿಸುತ್ತೇವೆ ಅಂದಿತು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಆ ಹೆಂಗಸರ ಕಲಾಪ್ರೀತಿ ಸುಳ್ಳಲ್ಲ. ವರ್ಷಗಟ್ಟಲೆ ಓದಿ, ಶಾಲೆ ಮಕ್ಕಳಿಗೆ ತಾಳ್ಮೆಯಿಂದ ಹೇಳಿಕೊಟ್ಟವರನ್ನು ಒಂದು ಪತ್ರ ಬರೆದು ಕಳಿಸಿದ್ದು ಒರಟುತನವೇ. ನಮ್ಮ ಜಗಳ ಅವರೊಂದಿಗಲ್ಲ. ಕೂಲಿಯಿಲ್ಲದ ಕಡೆ ಉಣ್ಣಲು ಇದ್ದವರು ಮಾತ್ರ ಬರುತ್ತಾರೆ, ಆಮೇಲೆ ‘ಕಲೆಯ ರುಚಿ ಅಂಥವರಿಗೇ ಇರುವುದು’ ಅಂತ ಮಾತು ಹುಟ್ಟುತ್ತದೆ. ನಮ್ಮ ಜಗಳ ಈ ಸುಳ್ಳಿನೊಂದಿಗೆ.

ಈ ಸುಳ್ಳನ್ನು ನಾನು ಕಣ್ಣಾರೆ ಕಂಡೆ. ಆವತ್ತು ಹೊರಡುವ ಮೊದಲು ಕಾವಲಿನ ಅಣ್ಣನಿಗೆ ‘ಒಂದ್ ಸಲ ತಿರುಗಿ ನೋಡಣ್ಣ’ ಅಂದೆ. ಬಂಡಿ ಎಳೆಯುತ್ತಿರುವ ಎತ್ತುಗಳ ದೊಡ್ಡ ಚಿತ್ರ. ಆತ ಅತ್ತಿತ್ತ ನೋಡಿ, ಮೇಲಿನವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತಿರುಗಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಬಣ್ಣ ಚೆನ್ನಾಗದೆ. ಆದ್ರೆ ಇದನ್ನ ಬರೆದೋನು ಯಾವತ್ತೂ ಬಂಡಿ ಹೂಡಿಲ್ಲ ಕಣ್ ತಮ್ಮ. ನೊಗಾನ ಹಿಣಿಲಿನ ಹಿಂದಕ್ಕೆ ಇಟ್ಟವ್ನೆ. ಹಿಂಗೆ ಹೂಡಿದ್ರೆ ಬಂಡಿ ಒಂದು ಮಾರೂ ಮುಂದಕ್ಕೆ ಹೋಗಲ್ಲ’ ಅಂದ.

ಇದು ವಿಮರ್ಶೆ. ಆ ಚಿತ್ರದ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟದಷ್ಟು ಬರೆದು ಅಂಟಿಸಿದ್ದಾರೆ. ಅದರಲ್ಲಿ ಈ ಮಾತಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮಾತಾಡುವ ಕೆಲಸಕ್ಕೆ ಕೂಲಿ ಕೊಡಿ, ಆಗ ನಮ್ಮ ಮಕ್ಕಳೂ ಬರುತ್ತಾರೆ. ನಿಲ್ಲುವವನಿಗೆ ಕುರ್ಚಿ ಕೊಡಿ. ಕನ್ನಡದಲ್ಲಿ ಹೇಳಿ. ದಿನಕ್ಕೆ ಒಂದು ಗಳಿಗೆಯಾದರೂ ಅವನು ತಿರುಗಿ ನೋಡಲಿ, ನೋಡಿದ್ದನ್ನು ಹೇಳಲಿ. ಅದನ್ನು ಕೇಳಿಸಿಕೊಳ್ಳುವ ಕಿವಿ ಇಲ್ಲದಿದ್ದರೆ ಅದು ಚಿತ್ರಶಾಲೆಯಲ್ಲ. ಧಣಿಯ ಇನ್ನೊಂದು ತೊಟ್ಟಿಮನೆ, ಅಷ್ಟೇ.