ತೂಬಿನ ನೀರು ಮತ್ತು ಆಘಾತ ತರಂಗ: ಒಂದು ಪರಿಭಾಷಾ ವಿಮರ್ಶೆ

ವಿಜ್ಞಾನದ ಸಂಕಥನದಲ್ಲಿ ಶ್ರೀರಂಗಪಟ್ಟಣದ ಹೆಸರು ಬಂದೊಡನೆ ರಾಕೆಟ್ಟಿನ ಮಾತು ಮೊದಲಾಗುತ್ತದೆ. 1780ರ ಪೊಲ್ಲಿಲೂರು ಕದನದಲ್ಲಿ ಬಳಕೆಯಾದ ಕಬ್ಬಿಣದ ಕೊಳವೆಯ ಬಾಣಗಳ ಚರಿತ್ರೆಯನ್ನು ರೊದ್ದಂ ನರಸಿಂಹ ಅವರು 1985ರ ತಮ್ಮ ಪ್ರಬಂಧದಲ್ಲಿ ವಿವೇಚಿಸಿದ್ದಾರೆ. ಆದರೆ ಆ ಬಾಣಗಳನ್ನೇ ಇಂದಿನ ಧ್ವನ್ಯತೀತ ವಿಜ್ಞಾನದ ಮೂಲವೆಂದು ಸಾರುವ ಅಭಿಮಾನದ ಬರಹಗಳನ್ನು ಒಪ್ಪುವುದು ಕಷ್ಟ. ಅವು ಧ್ವನಿವೇಗವನ್ನು ಮೀರಿದ್ದವೆನ್ನಲು ಆಧಾರವಿಲ್ಲ. ಈ ಸೀಮೆ ಆ ವಿಜ್ಞಾನಕ್ಕೆ ನೀಡಬಹುದಾದದ್ದು ಬೇರೆಯೇ ಇದೆ. ಅದು ನೀರಿನ ನುಡಿ.

ಧ್ವನಿಗಿಂತ ವೇಗವಾಗಿ ಹರಿಯುವ ಗಾಳಿ ಅಡ್ಡಿಯನ್ನು ಎದುರಿಸಿದಾಗ ಅದರ ಒತ್ತಡ ಅತಿ ತೆಳುವಾದ ಒಂದು ಹಂತದಲ್ಲಿ ಥಟ್ಟನೆ ಏರುತ್ತದೆ. ಇದನ್ನು ನಾವು ‘ಆಘಾತ ತರಂಗ’ ಎಂದು ಬರೆಯುತ್ತೇವೆ. ಗೋಡೆಗೆ ತಾಗಿ ನಿಧಾನಗೊಂಡ ಗಾಳಿಯನ್ನು ‘ಸೀಮಾಪದರ’ ಎನ್ನುತ್ತೇವೆ. ಏರಿದ ಒತ್ತಡವನ್ನು ಭೇದಿಸುವ ಕಸುವು ಈ ನಿಧಾನದ ಗಾಳಿಗಿಲ್ಲದಿದ್ದಾಗ ಅದು ಗೋಡೆಯಿಂದ ಕಳಚಿಕೊಂಡು, ಹಿಮ್ಮುಖವಾಗಿ ಸುತ್ತುವ ಒಂದು ಗುಳ್ಳೆಯಾಗುತ್ತದೆ. ಗುಳ್ಳೆ ಹಿಗ್ಗಿ ಕುಗ್ಗುತ್ತದೆ. ಜೊತೆಗೆ ಆಘಾತವೂ ಹಿಂದುಮುಂದಾಗಿ ತುಯ್ಯುತ್ತದೆ. ಪದರದೊಳಗಿನ ಕ್ಷೋಭೆಗಳ ಲಯಕ್ಕಿಂತ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ನಿಧಾನವಾದ ಈ ತುಯ್ದಾಟ ವಿಮಾನದ ಹೊದಿಕೆಯನ್ನು ದಣಿಸಬಲ್ಲದು. ಮೇಲಿನಿಂದ ಬರುವ ಪದರದ ಏರಿಳಿತ ಇದಕ್ಕೆ ಕಾರಣವೋ, ಗುಳ್ಳೆಯ ಸ್ವಂತ ಉಸಿರಾಟವೋ ಎಂಬ ಚರ್ಚೆ ಬಹುಕಾಲ ನಡೆದಿದೆ. ಕಳಚುವಿಕೆ ದುರ್ಬಲವಾಗಿದ್ದಲ್ಲಿ ಮೊದಲನೆಯದು, ಪ್ರಬಲವಾಗಿದ್ದಲ್ಲಿ ಎರಡನೆಯದು ಮೇಲುಗೈಯಾಗುತ್ತದೆಂಬ ಅಭಿಪ್ರಾಯ ಈಚೆಗೆ ಬಲಗೊಂಡಿದೆ. ಆಘಾತವು ಇಂಥ ಪದರದಿಂದ ಪ್ರತಿಫಲಿಸುವ ಬಗೆಯನ್ನು ಕುರಿತು ಲೀಪ್‌ಮನ್, ರೋಷ್ಕೊ ಅವರೊಡನೆ ಸತೀಶ್ ಧವನ್ ಬರೆದ ವರದಿ 1952ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದರು.

ನಮ್ಮ ಪರಿಭಾಷೆಯ ತೊಡಕು ಇಲ್ಲಿಂದ ಆರಂಭವಾಗುತ್ತದೆ. ‘ಆಘಾತ’ ಎಂದರೆ ಒಮ್ಮೆ ಬಡಿದು ಮುಗಿಯುವ ಪೆಟ್ಟು. ಇಲ್ಲಿ ಅದು ನಿಂತಿರುತ್ತದೆ, ನಿಂತಲ್ಲೇ ಅಲುಗುತ್ತದೆ. ‘ಸೀಮೆ’ ಎಂದರೆ ಎಳೆದ ಗೆರೆ. ಇಲ್ಲಿ ಅದು ದಪ್ಪವಾಗುವ, ಸೋಲುವ ಗಾಳಿ. ಇವೆರಡರ ನಡುವೆ ‘ಅಂತರಕ್ರಿಯೆ’ ಎಂಬ ಪದವನ್ನಿಟ್ಟರೆ ಯಾರು ಯಾರನ್ನು ತಳ್ಳುತ್ತಾರೆಂಬ, ಅಂದರೆ ಚರ್ಚೆಯ ತಿರುಳಾದ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ಇದು ಸಂಸ್ಕೃತದ ದೋಷವಲ್ಲ. ನಾಮಪದಗಳ ಮೇಲಿನ ನಮ್ಮ ಅತಿಯಾದ ನಂಬಿಕೆಯ ದೋಷ.

ಕೃಷ್ಣರಾಜಪೇಟೆಯ ಹೇಮಾವತಿ ಕಾಲುವೆಗಳಲ್ಲಿ, ಪಾಂಡವಪುರದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ತೂಬೆತ್ತಿದಾಗ ನೀರು ತೆಳುವಾಗಿ ಚಿಮ್ಮಿ, ಕೊಂಚ ದೂರದಲ್ಲಿ ನೊರೆಗಟ್ಟಿ ಎದ್ದು ನಿಲ್ಲುವುದನ್ನು ಯಾರೂ ನೋಡಬಹುದು. ದ್ರವವಿಜ್ಞಾನಿಗಳು ಇದನ್ನು ಆಘಾತಕ್ಕೆ ಹೋಲಿಸುವುದು ಹಳೆಯ ರೂಢಿ. ಹೋಲಿಕೆಗೆ ಮಿತಿಯಿದೆ. ನೀರಿನಲ್ಲಿ ಏರುವುದು ಆಳ, ಗಾಳಿಯಲ್ಲಾದರೋ ಒತ್ತಡ, ಸಾಂದ್ರತೆ, ಉಷ್ಣತೆ ಎಲ್ಲವೂ. ಆದರೂ ನೀರು ಹಾಯಿಸುವವರ ಮಾತಿನಲ್ಲಿ ಕ್ರಿಯೆಯೇ ಮುಂದು: ನೀರು ಒದೆಯುತ್ತದೆ, ಸೆಳೆಯುತ್ತದೆ, ಮಡುಗಟ್ಟುತ್ತದೆ, ಅಂಚಿನಲ್ಲಿ ಸುಳಿಗೊಳ್ಳುತ್ತದೆ. ‘ಆಘಾತವು ಪದರವನ್ನು ಒದೆಯುತ್ತದೆ, ಪದರವು ಮಡುಗಟ್ಟಿ ಆಘಾತವನ್ನು ತುಯ್ಯುತ್ತದೆ’ ಎಂದು ಬರೆದರೆ ಪಾರಿಭಾಷಿಕ ಪದವೊಂದನ್ನೂ ಕೈಬಿಡದೆ ಕಾರಣದ ದಿಕ್ಕು ಕಾಣುತ್ತದೆ.

ಹೀಗೆ ಬರೆಯಲು ಬೇಕಾದ ಸಾಮಗ್ರಿಯನ್ನು ಒದಗಿಸಬೇಕಾದ ಜಾನಪದ ವಿದ್ವಾಂಸರು ಮಾಡಿದ್ದೇನು? ನಾಗಮಂಗಲದ ಕೆರೆಗಳ ನೀರುಗಂಟಿಗಳನ್ನು ಕುರಿತು ಬರೆಯುವಾಗ ತೂಬು, ಕೋಡಿ, ಏರಿ, ಮದಗ ಎಂದು ವಸ್ತುಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸಿದೆವು. ಕೋಡಿ ಬಿದ್ದ ನೀರು ಏನು ಮಾಡುತ್ತದೆಂದು ಅವರು ವಿವರಿಸುತ್ತಿದ್ದ ಕ್ರಿಯಾಪದಗಳನ್ನು ನಿರೂಪಣೆಯ ಸಡಿಲ ಭಾಗವೆಂದು ಬಿಟ್ಟುಬಿಟ್ಟೆವು. ನನ್ನ ಸಂಗ್ರಹವೂ ಇದಕ್ಕೆ ಹೊರತಲ್ಲ.